ಹೈದರಿ ಎಂಬ ಬೆಳ್ಳಿಯ ನಾಣ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಪಾರಸಿ ಅಕ್ಷರಗಳುಳ್ಳ ದೊಡ್ಡದೊಂದು ಬೆಳ್ಳಿಯ ಬಿಲ್ಲೆ ಎಂದಾದರೂ ದೊರೆತರೆ, ಅದನ್ನು ಅಕ್ಕಸಾಲಿಗನ ತಕ್ಕಡಿಗೆ ಒಪ್ಪಿಸುವ ಮುನ್ನ ನನ್ನ ನಾಲ್ಕು ಮಾತುಗಳನ್ನು ನೆನೆಯಬೇಕೆಂದು ಶ್ರೋತೃಗಳನ್ನು ಪ್ರಾರ್ಥಿಸುತ್ತೇನೆ.

ಆ ಬಿಲ್ಲೆ ಟಿಪ್ಪು ಸುಲ್ತಾನನ ಎರಡು ರೂಪಾಯಿಯ ನಾಣ್ಯವಾಗಿರಬಹುದು. ಅದಕ್ಕೆ ಆತನಿಟ್ಟ ಹೆಸರು ಹೈದರಿ. ಹೈದರಾಲಿಯು ಹುಟ್ಟಿದುದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಆತನ ತಂದೆ ಫತೇ ಮಹಮ್ಮದನ ಗೋರಿ ಕೋಲಾರ ಪಟ್ಟಣದಲ್ಲಿಯೇ ಇದೆ. ಆದಕಾರಣ ನಾಣ್ಯದ ಮೇಲಿನ ಹೈದರನ ಹೆಸರನ್ನು ಯಾರಾದರೂ ಓದಿ ಹೇಳಿದೊಡನೆ, ಇದು ನಮ್ಮ ಹೈದರನದೇ ಎಂದು ಈ ಕಡೆಯವರು ಹಿಗ್ಗುವುದು ಸಹಜ. ಆದರೆ ಹೈದರಾಲಿಯು ೧೭೮೨ರಲ್ಲಿಯೇ ಕಾಲವಾಗಿದ್ದನು. ನಾಣ್ಯವು ಮಗನದು. ಟಿಪ್ಪುವು ತನ್ನ ಹೆಸರನ್ನು ಬರೆಯಿಸದೆ, ಹೈದರನ ವಿಜಯದಿಂದ ಧರ್ಮವು ಬೆಳಗಿತೆಂಬ ಅರ್ಥದ ಒಕ್ಕಣೆಯನ್ನು ಒಂದು ಮುಖದಲ್ಲಿ ಅಚ್ಚು ಹಾಕಿಸಿದನು. ಹೈದರಿ ಎಂಬುದಾದರೋ ನಾಲ್ಕನೆಯ ಖಲೀಫನಾದ ಅಲಿಯ ಬಿರುದಿನಿಂದ ಬಂದ ಹೆಸರು. ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ ಎನ್ನುವಾಗಲೂ ಆತನು ನೆನೆದುದು ಇಮಾಮರನ್ನೇ. ತಂದೆಯ ಹೆಸರೂ ಅದೇ ಎಂಬುದು ಆತನ ಮನಸ್ಸಿಗೆ ಬಂದಿರಲಿಲ್ಲವೆಂದು ನಾನಂತೂ ಹೇಳಲಾರೆ.

ಹೈದರಿಯ ತೂಕ ಎರಡು ತೊಲೆಗೆ ತುಸು ಕಡಿಮೆ, ಸುಮಾರು ೨೩ ಗ್ರಾಂ. ಅದರ ಅರ್ಧದಷ್ಟು ತೂಗಿದರೆ ಅದು ಇಮಾಮಿ.

ಬಹುಜನರು ಎಡವುವುದು ಇಸವಿಯಲ್ಲಿ. ಮೊದಲ ಹೈದರಿಗಳ ಮೇಲೆ ೧೧೯೮ ಮೊದಲಾದ ಹಿಜರಿ ವರ್ಷಗಳಿವೆ. ಎಂದರೆ ೧೭೮೪ರಿಂದ ಈಚಿನವು. ೧೭೮೭ರಲ್ಲಿ ಟಿಪ್ಪುವು ಹಿಜರಿಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಹಿಡಿದು ೧೨೧೫ ಎಂದು ಬರೆಯಿಸತೊಡಗಿದನು. ಸಾಲದುದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಿದನು. ೧೨೧೬ ಎಂಬುದು ನಮ್ಮ ಕಣ್ಣಿಗೆ ೬೧೨೧ ಎಂದು ತೋರುತ್ತದೆ. ಅದನ್ನು ಸರಿಯಾಗಿ ತಿರುಗಿಸಿಕೊಂಡವರು ಸಹ ಹಿಜರಿಯೆಂದೇ ಎಣಿಸಿ ೧೮೦೧ಕ್ಕೆ ಬಂದು ನಿಲ್ಲುತ್ತಾರೆ. ಟಿಪ್ಪುವು ಮಡಿದುದು ೧೭೯೯ರ ಮೇ ೪ರಂದು. ದೊರೆ ಸತ್ತ ಮೇಲೆ ಅಚ್ಚಾದ ನಾಣ್ಯ, ಖೋಟಾ ಎಂದು ತೀರ್ಮಾನಿಸಿ ಅಪ್ಪಟವಾದುದನ್ನೇ ಕರಗಿಸಲು ಕೊಡುವ ಅಪಾಯ ಇಲ್ಲಿದೆ. ಅದು ನಿಜವಾಗಿ ೧೭೮೮ರ ಸುಮಾರಿನದು.

ಖೋಟಾ ನಾಣ್ಯಗಳೂ ಇಲ್ಲದಿಲ್ಲ. ಎರಕ ಹೊಯ್ದವುಗಳಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ, ಮೈಮೇಲೆ ಸಣ್ಣ ಕುಳಿಗಳಿರುತ್ತವೆ, ಅಂಚಿನ ಸುತ್ತ ಅರದಿಂದ ಉಜ್ಜಿದ ಗುರುತಿರುತ್ತದೆ. ಮದರಾಸಿನ ವಸ್ತುಸಂಗ್ರಹಾಲಯದ ಹೆಂಡರ್ಸನ್ನರು ೧೯೨೧ರಲ್ಲಿ ಹೈದರ್ ಟಿಪ್ಪುಗಳ ನಾಣ್ಯಗಳನ್ನು ಕುರಿತು ಪ್ರಕಟಿಸಿದ ಗ್ರಂಥದ ಚಿತ್ರಗಳೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಹೆಚ್ಚಿನವುಗಳಲ್ಲಿ ಪಟನ್, ಎಂದರೆ ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರಿರುತ್ತದೆ. ಬೇರೆ ಹೆಸರು ಕಂಡರೆ ಬಲ್ಲವರಿಗೆ ತೋರಿಸದೆ ಮಾರಬೇಡಿರಿ.

ಅಪ್ಪಟವಾದ ಹೈದರಿಗೆ ಸಂಗ್ರಾಹಕರು ಬೆಳ್ಳಿಯ ಬೆಲೆಯ ಹಲವು ಮಡಿ ಕೊಡುತ್ತಾರೆ. ಆದರೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ, ಶರಾಫನು ಪರೀಕ್ಷೆಗೆಂದು ಉಳಿಯಿಂದ ಗುರುತು ಹಾಕಿದ್ದರೆ, ಆ ಬೆಲೆ ಇಳಿಯುತ್ತದೆ. ಮುಳಬಾಗಿಲಿನ ಕಡೆಯ ಸ್ನೇಹಿತರೊಬ್ಬರು ಮನೆಯ ಹೈದರಿಯನ್ನು ನನಗೆ ತೋರಿಸುವ ಮುನ್ನ, ಮರ್ಯಾದೆಗೆಂದು, ಹುಣಿಸೆಹಣ್ಣು ಹಚ್ಚಿ ಬೂದಿಯಿಂದ ಉಜ್ಜಿ ತಂದರು. ಹೊಸ ತಟ್ಟೆಯಂತೆ ಹೊಳೆಯುತ್ತಿತ್ತು. ಎರಡು ಶತಮಾನಗಳ ಕಪ್ಪು ಮೆರುಗು ಹೋಗಿದ್ದಿತು, ಅದರೊಡನೆ ಬೆಲೆಯ ಬಹುಭಾಗವೂ. ಅವರಿಗೆ ಅದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ.

ಕೊನೆಯದಾಗಿ, ಹೊಲ ಉಳುವಾಗಲೋ ಪಾಯ ತೋಡುವಾಗಲೋ ಇಂಥ ನಾಣ್ಯಗಳು ದೊರೆತರೆ ಅದು ನಿಕ್ಷೇಪದ ಕಾನೂನಿಗೆ ಒಳಪಟ್ಟುದು, ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ನೂರು ವರ್ಷ ಮೀರಿದ ನಾಣ್ಯವನ್ನು ಅನುಮತಿಯಿಲ್ಲದೆ ದೇಶದ ಹೊರಗೆ ಕಳುಹಿಸುವುದನ್ನು ೧೯೭೨ರ ಶಾಸನವು ನಿಷೇಧಿಸಿದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದರೆ ಅದನ್ನು ಮೆತ್ತನೆಯ ಒಣಬಟ್ಟೆಯಲ್ಲಿ ಸುತ್ತಿ, ತೊಳೆಯದೆ, ಹಾಗೆಯೇ ಇಡಿರಿ.