ಅಂಗೈ ಮೇಲಿನ ಬಸ್ಸು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹಳೆಯ ಬಸ್ಸುಗಳ ಪುಟ್ಟ ಮಾದರಿಗಳೆಂದರೆ ಹುಡುಗರ ಆಟಿಕೆಯ ಮಾತೆಂದು ಕೆಲವರು ನಗಬಹುದು. ಆದರೆ ಆಟಿಕೆ ಬೇರೆ, ಮಾದರಿ ಬೇರೆ.

ಇಂಗ್ಲೆಂಡಿನಲ್ಲಿ 1953ರಲ್ಲಿ ಮ್ಯಾಚ್‌ಬಾಕ್ಸ್ ಎಂಬ ಲೋಹದ ಆಟಿಕೆಗಳು ಬಂದವು. ಬೆಂಕಿಪೆಟ್ಟಿಗೆಯಂಥ ಡಬ್ಬಿಯಲ್ಲಿ ಹಿಡಿಸಬೇಕು, ಅದೇ ಅವುಗಳ ಅಳತೆ. ಹೀಗಾಗಿ ಕಾರೂ ಬಸ್ಸೂ ಹೆಚ್ಚುಕಡಿಮೆ ಒಂದೇ ಉದ್ದ! ಪ್ರಮಾಣಬದ್ಧ ಮಾದರಿಗೆ ನಿಜವಾದ ಬಸ್ಸೇ ಯಜಮಾನ. ಬ್ರಿಟನ್ನಿನಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ 76ಕ್ಕೆ 1. ಅಂದರೆ ನಿಜದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರು. ಗಿರಣಿಯ ಲೆಕ್ಕ ಬರೆಯುವ ನಮಗೆ ಈ ಶಿಸ್ತು ಬಹಳ ಹಿಡಿಸಿತು.

ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ರೂಟ್‌ಮಾಸ್ಟರನ್ನೇ ನೋಡೋಣ. 1956ರಲ್ಲಿ ಅದು ಪ್ರಯಾಣಿಕರ ಸೇವೆಗೆ ಇಳಿಯಿತು. 1968ರ ವರೆಗೆ ಒಟ್ಟು 2,876 ಬಸ್ಸುಗಳು ತಯಾರಾದವು. ಯುದ್ಧಕಾಲದಲ್ಲಿ ವಿಮಾನ ಕಟ್ಟಿ ಕಲಿತ ಅಲ್ಯೂಮಿನಿಯಂ ಕೆಲಸವನ್ನು ಲಂಡನ್ ಸಾರಿಗೆಯವರು ಈ ಬಸ್ಸಿಗೆ ಬಳಸಿಕೊಂಡರು. ಉದ್ದ 27 ಅಡಿ 6 ಅಂಗುಲ, ಕೂರಲು 64 ಜನಕ್ಕೆ ಜಾಗ. ನಾಲ್ಕರಿಂದ ಗುಣಿಸಿದರೆ ಮಾದರಿಯ ಉದ್ದ 110 ಮಿಲಿಮೀಟರು. ಅಂಗೈಯ ಮೇಲೆ ನಿಲ್ಲುತ್ತದೆ.

ಮುಂದೆ 72 ಜನ ಕೂರುವ, ಸುಮಾರು 30 ಅಡಿಯ ಬಸ್ಸೂ ಬಂತು. ಅದರ ಮಾದರಿ ಸುಮಾರು ಒಂದು ಸೆಂಟಿಮೀಟರು ಹೆಚ್ಚು ಉದ್ದ. ಹಾಗೆಂದು ಚಿಕ್ಕದನ್ನೇ ಎಳೆದು ಉದ್ದ ಮಾಡಿದರೆ ಆಗದು. ನಿಜವಾದ ಬಸ್ಸಿನ ನಡುಮಧ್ಯೆ, ಮೇಲೂ ಕೆಳಗೂ, ಒಂದೊಂದು ಗಿಡ್ಡ ಕಿಟಕಿ ಸೇರಿತ್ತು. ಆ ಕಿಟಕಿ ಇಲ್ಲದಿದ್ದರೆ ಮಾದರಿ ಸುಳ್ಳು.

ಇನ್ನೊಂದು ತೊಡಕುಂಟು. ಆಲ್ಡೆನ್‌ಹ್ಯಾಮ್ ಎಂಬಲ್ಲಿನ ದೊಡ್ಡ ಕಾರ್ಯಾಗಾರದಲ್ಲಿ ದುರಸ್ತಿಗೆ ಬಂದ ಬಸ್ಸಿನ ಮೇಲ್ಕಟ್ಟನ್ನು ಎತ್ತಿ ಬೇರ್ಪಡಿಸುತ್ತಿದ್ದರು. ಬಸ್ಸು ಹೊರಬೀಳುವಾಗ ನಂಬರು ಹಳೆಯದೇ, ಮೇಲ್ಕಟ್ಟು ಬೇರೊಂದು ಬಸ್ಸಿನದು! ಆದ್ದರಿಂದ ಬಲ್ಲ ಮಾದರಿಗಾರ ಬಸ್ಸಿನ ನಂಬರು ಮಾತ್ರ ಕೇಳುವುದಿಲ್ಲ, ಇಸವಿಯನ್ನೂ ಕೇಳುತ್ತಾನೆ. ಇಸವಿಯಿಲ್ಲದ ನೆನಪು ತಾರೀಖಿಲ್ಲದ ರಸೀದಿಯ ಹಾಗೆ.

ಇಷ್ಟೆಲ್ಲ ಮಾಡಿದರೂ ಮಾದರಿಗೆ ನಿಲುಕದ್ದು ಒಂದಿದೆ. ರೂಟ್‌ಮಾಸ್ಟರಿನ ಹಿಂಬದಿ ಬಾಗಿಲಿಲ್ಲದ ತೆರೆದ ಮೆಟ್ಟಿಲು. ಅಲ್ಲಿ ಕಂಡಕ್ಟರು ನಿಂತು, ಜನರನ್ನು ಹತ್ತಿಸಿ, ಎರಡು ಬಾರಿ ಗಂಟೆ ಹೊಡೆದರೆ ಮುಂದಿನ ಗೂಡಿನಲ್ಲಿದ್ದ ಡ್ರೈವರು ಬಸ್ಸು ಬಿಡುತ್ತಿದ್ದ. ಒಬ್ಬನೇ ಆಳು ನಡೆಸುವ ಬಸ್ಸುಗಳು ಬಂದ ಮೇಲೆ ಆ ಕೆಲಸವೇ ಕರಗಿತು. 2005ರ ಡಿಸೆಂಬರ್ 9ರಂದು ರೂಟ್‌ಮಾಸ್ಟರ್ ಸಾಮಾನ್ಯ ಮಾರ್ಗಗಳಿಂದ ನಿವೃತ್ತವಾಯಿತು. ಮಾದರಿಯಲ್ಲಿ ಮೆಟ್ಟಿಲು ಉಳಿದಿದೆ. ಅದರ ಮೇಲೆ ನಿಂತವನ ಕೂಗು, ನೋಯುವ ಕಾಲು ಉಳಿದಿಲ್ಲ.

ಈ ಮಾತು ಮುಂಬಯಿಯವರಾದ ನಮಗೂ ದೂರದ್ದಲ್ಲ. ಇಲ್ಲಿ ಡಬಲ್ ಡೆಕ್ಕರ್ ಬಂದದ್ದು 1937ರಲ್ಲಿ. ಬೆಸ್ಟ್ ಸಂಸ್ಥೆಯ ಕೊನೆಯ ಡೀಸೆಲ್ ಡಬಲ್ ಡೆಕ್ಕರ್ ಓಡಿದ್ದು 2023ರ ಸೆಪ್ಟೆಂಬರ್ 15ರಂದು. ಅದೇ ವರ್ಷ ವಿದ್ಯುತ್ತಿನ ಹೊಸ ಡಬಲ್ ಡೆಕ್ಕರುಗಳೂ ಬಂದವು. ಹಳೆಯದರಲ್ಲಿ ಮೇಲೊಬ್ಬ, ಕೆಳಗೊಬ್ಬ, ಹೀಗೆ ಇಬ್ಬರು ಕಂಡಕ್ಟರು. ಮೇಲಿನ ಮುಂದಿನ ಸೀಟು ಸಿಕ್ಕರೆ ದಿನದ ದಣಿವಿನಲ್ಲೂ ಒಂದಿಷ್ಟು ಗಾಳಿ, ಊರಿಡೀ ಕಾಣುವ ನೋಟ. ಆ ಬಸ್ಸನ್ನೇ ನಂಬಿ ಕೆಲಸಕ್ಕೆ ಹೋದವರು, ಖೋಲಿ ಹುಡುಕಿದವರು ನಮ್ಮಲ್ಲೇ ಎಷ್ಟು ಮಂದಿಯಿಲ್ಲ!

ಅರಮನೆಯ ರಥವನ್ನು ಕಾಪಾಡಲು ಅರಸರಿದ್ದರು. ಕೂಲಿಕಾರನ ಬಸ್ಸು ಗುಜರಿಗೆ ಹೋದರೆ ಕೇಳುವವರು ಯಾರು? ಕೂತು ಓಡಾಡಿದ ನಾವೇ ಕೇಳಬೇಕು.

ಆದ್ದರಿಂದ ಒಂದು ವಿನಂತಿ. ಮಾದರಿ ಮಾಡಬಲ್ಲ ಮಕ್ಕಳಿದ್ದರೆ ರಟ್ಟು, ಕತ್ತರಿ, ಅಂಟು ಕೊಟ್ಟು ಕೂರಿಸಿರಿ. ಅಡಿಗೆ 4 ಮಿಲಿಮೀಟರು ಎಂಬುದನ್ನು ಮಾತ್ರ ಬಿಡಬೇಡಿರಿ. ಮಾಡಲಾರದವರು ಹತ್ತಿದ ನಿಲ್ದಾಣ, ಇಳಿದ ನಿಲ್ದಾಣ, ಬಸ್ಸಿನ ನಂಬರು, ಕೊಟ್ಟ ದುಡ್ಡು, ಇಸವಿ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ತನ್ನಿರಿ. ಬರೆಯಲು ಬಾರದ ಹಿರಿಯರು ಬಾಯಲ್ಲಿ ಹೇಳಲಿ, ನಾವು ಬರೆದುಕೊಳ್ಳುತ್ತೇವೆ. ಮಾದರಿಯೂ ಬರಹವೂ ಒಂದೇ ಕಪಾಟಿನಲ್ಲಿರಲಿ.