ಮಂಡಿ ಊದಿದ ಮೇಕೆ: ಸಾಲ ತೆಗೆಯುವ ಮುನ್ನ ತಿಳಿಯಬೇಕಾದ ಮಾತು

(ವಳ್ಳೂರು ಸುತ್ತಮುತ್ತಲಿನ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಮ್ಮ ಜಿಲ್ಲೆಯ ಬಯಲುಸೀಮೆ. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಮನೆಯ ಕೈ ಹಿಡಿಯುವುದು ಕುರಿ, ಮೇಕೆಗಳೇ. ಮಗಳ ಫೀಜು ಕಟ್ಟಬೇಕು, ಆಸ್ಪತ್ರೆಗೆ ಹೋಗಬೇಕು ಅಂದ್ರೆ ಮೊದಲು ಕಣ್ಣು ಹೋಗುವುದು ರೊಪ್ಪದ ಕಡೆಗೆ. ಅದಕ್ಕೇ ಸಂಘದಲ್ಲಿ ಸಾಲ ಕೇಳುವಾಗ "ಎರಡು ಮೇಕೆ ತರ್ತೀನಿ" ಅನ್ನುವವರು ಬಹಳ ಜನ.

ಪಿಪಿಆರ್, ಕರುಳುಬೇನೆ, ನೀಲಿ ನಾಲಿಗೆ ರೋಗಗಳ ಬಗ್ಗೆ ನೀವು ಕೇಳಿದ್ದೀರಿ. ಇವು ಬಂದರೆ ಕೆಲವೇ ದಿನಗಳಲ್ಲಿ ಗೊತ್ತಾಗಿಬಿಡುತ್ತದೆ. ಇಂದು ನಾವು ಹೇಳಲಿರುವುದು ಸದ್ದಿಲ್ಲದೆ ಬರುವ ರೋಗ. ವರ್ಷಗಟ್ಟಲೆ ಒಳಗೇ ಇರುತ್ತದೆ. ಮೇಕೆ ಮೇಯುತ್ತದೆ, ಗಬ್ಬ ಕಟ್ಟುತ್ತದೆ, ಮರಿ ಹಾಕುತ್ತದೆ. ನೋಡಿದವರಿಗೆ ಏನೂ ಕಾಣುವುದಿಲ್ಲ.

ಯಾವುದು ಈ ರೋಗ?

ಇದು ಲೆಂಟಿವೈರಸ್ ಎಂಬ ವೈರಾಣುವಿನಿಂದ ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ 'ಲೆಂಟಸ್' ಎಂದರೆ ನಿಧಾನ. ಮೇಕೆಗೆ ಬಂದರೆ ಡಾಕ್ಟರುಗಳು ಸಿ.ಎ.ಇ. ಎನ್ನುತ್ತಾರೆ, ಕುರಿಗೆ ಬಂದರೆ ಮೇಡಿ-ವಿಸ್ನಾ ಎನ್ನುತ್ತಾರೆ. ಎರಡೂ ಒಂದೇ ಬಳ್ಳಿಯ ಕಾಯಿಗಳು. ಕುರಿಯಿಂದ ಮೇಕೆಗೆ, ಮೇಕೆಯಿಂದ ಕುರಿಗೆ ದಾಟಬಲ್ಲವು. ನಮ್ಮ ದೇಶದಲ್ಲೂ ಕೆಲವು ಕಡೆ ರಕ್ತಪರೀಕ್ಷೆಯಲ್ಲಿ ಇದರ ಗುರುತು ಸಿಕ್ಕಿದೆ.

ಎಚ್‌ಐವಿ ವೈರಾಣು ಕೂಡ ಇದೇ ಗುಂಪಿಗೆ ಸೇರಿದ್ದು. ಇದನ್ನು ಕೇಳಿ ಯಾರೂ ಹೆದರಬೇಡಿ. ಕುರಿ ಮೇಕೆಯ ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಮುಟ್ಟಿದರೂ ಇಲ್ಲ, ಹಾಲು ಕುಡಿದರೂ ಇಲ್ಲ, ಮಾಂಸ ತಿಂದರೂ ಇಲ್ಲ. ಆದರೂ ಹಾಲನ್ನು ಕಾಯಿಸಿಯೇ ಕುಡಿಯಿರಿ. ಹಸಿ ಹಾಲಿನಿಂದ ಬ್ರೂಸೆಲ್ಲಾದಂಥ ಬೇರೆ ಕಾಯಿಲೆಗಳು ಬರುತ್ತವೆ.

ಲಕ್ಷಣಗಳು

* ದೊಡ್ಡ ಮೇಕೆಗಳಲ್ಲಿ ಮುಂಗಾಲಿನ ಮಂಡಿ ಊದುತ್ತದೆ. ಕುಂಟುತ್ತದೆ, ಏಳಲು ಕಷ್ಟಪಡುತ್ತದೆ.
* ಮರಿ ಹಾಕಿದಾಗ ಕೆಚ್ಚಲು ಕಲ್ಲಿನಂತೆ ಗಟ್ಟಿ, ಆದರೆ ಹಾಲಿಲ್ಲ.
* ಎರಡರಿಂದ ಆರು ತಿಂಗಳ ಮೇಕೆಮರಿಗಳಲ್ಲಿ ಹಿಂಗಾಲು ಸ್ವಾಧೀನ ತಪ್ಪಬಹುದು.
* ವಯಸ್ಸಾದ ಕುರಿಗಳಲ್ಲಿ ಏದುಸಿರು. ಮೇವು ತಿಂದರೂ ಸೊರಗುತ್ತಾ ಹೋಗುತ್ತದೆ.

ಆದರೆ ನೋಡಿ, ಮಂಡಿ ಊದಿದ್ದೆಲ್ಲಾ ಇದೇ ರೋಗವಲ್ಲ. ಪೆಟ್ಟು ಬಿದ್ದರೂ ಊದುತ್ತದೆ. ಮರಿಯ ಹೊಕ್ಕುಳಿಗೆ ನಂಜಾದರೂ ಕೀಲು ಊದುತ್ತದೆ. ಅವುಗಳಿಗೆ ಔಷಧಿ ಇದೆ. ಆದ್ದರಿಂದ ಮನೆಯಲ್ಲೇ ತೀರ್ಮಾನ ಮಾಡದೆ ಪಶುವೈದ್ಯರಿಗೆ ತೋರಿಸಿ.

ಲೆಂಟಿವೈರಸ್‌ಗೆ ಮಾತ್ರ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಒಮ್ಮೆ ಒಳಗೆ ಹೋದರೆ ಆ ಪ್ರಾಣಿ ಇರುವವರೆಗೂ ಅದರಲ್ಲೇ ಇರುತ್ತದೆ.

ಹೇಗೆ ಹರಡುತ್ತದೆ?

ಮುಖ್ಯವಾಗಿ ತಾಯಿಯ ಗಿಣ್ಣು ಹಾಲು ಮತ್ತು ಹಾಲಿನಿಂದ ಮರಿಗೆ. ಇಕ್ಕಟ್ಟಾದ, ಗಾಳಿಯಾಡದ ರೊಪ್ಪದಲ್ಲಿ ಉಸಿರಿನಿಂದ ಒಂದರಿಂದೊಂದಕ್ಕೆ. ಒಂದೇ ಸೂಜಿಯನ್ನು ಹತ್ತು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದ ಮೂಲಕ. ಎಲ್ಲಕ್ಕಿಂತ ಮೊದಲು, ನಾವೇ ದುಡ್ಡು ಕೊಟ್ಟು ಕೊಂಡು ತರುವ ಪ್ರಾಣಿಯ ಮೂಲಕ.

ಇದಕ್ಕೆ ದೂರದ ಐಸ್‌ಲ್ಯಾಂಡ್ ದೇಶದ ಉದಾಹರಣೆ ಇದೆ. ಅಲ್ಲಿಯವರೂ ನಮ್ಮ ಹಾಗೇ ಕುರಿ ನಂಬಿದವರು. 1933ರಲ್ಲಿ ಒಳ್ಳೇ ತಳಿ ಬೇಕೆಂದು ಜರ್ಮನಿಯಿಂದ 20 ಕಾರಾಕುಲ್ ಕುರಿಗಳನ್ನು ತಂದರು. ಕೆಲಕಾಲ ಬೇರೆ ಇಟ್ಟು ನೋಡಿದರು, ಎಲ್ಲವೂ ಆರೋಗ್ಯವಾಗಿಯೇ ಕಂಡವು. ಊರೂರಿಗೆ ಹಂಚಿದರು. ಕೆಲವು ವರ್ಷಗಳ ನಂತರ ಕುರಿಗಳು ಏದುಸಿರು ಬಿಡುತ್ತಾ ಸೊರಗಿ ಸಾಯತೊಡಗಿದವು. ಅವರ ಭಾಷೆಯಲ್ಲಿ 'ಮೇಡಿ' ಎಂದರೆ ಏದುಸಿರು, 'ವಿಸ್ನಾ' ಎಂದರೆ ಸೊರಗುವುದು. ಒಂದು ಲಕ್ಷಕ್ಕೂ ಹೆಚ್ಚು ಕುರಿಗಳು ಸತ್ತವು. ರೋಗ ನಿಲ್ಲಿಸಲು ಸುಮಾರು ಆರೂವರೆ ಲಕ್ಷ ಕುರಿಗಳನ್ನು ಕಡಿಯಬೇಕಾಯಿತು. 1965ರ ಹೊತ್ತಿಗೆ ರೋಗ ತೊಲಗಿತು. ಮೈ ನೋಡಿ ಪ್ರಾಣಿ ಕೊಂಡರೆ ಸಾಲದು ಎಂಬ ಪಾಠವನ್ನು ಅವರು ಬಹಳ ಬೆಲೆ ತೆತ್ತು ಕಲಿತರು.

ನಾವು ಏನು ಮಾಡಬೇಕು?

1. ಸಂತೆಯಲ್ಲಿ ಅವಸರದಿಂದ ಕೊಳ್ಳಬೇಡಿ. ಆದಷ್ಟೂ ಗೊತ್ತಿರುವವರ ರೊಪ್ಪದಿಂದ ಕೊಳ್ಳಿ. ತಾಯಿ ಮೇಕೆ ನೋಡಿ, ಮಂಡಿ ಮುಟ್ಟಿ, ಕೆಚ್ಚಲು ಹಿಸುಕಿ ನೋಡಿ.

2. ಹೊರಗಿನ ತಳಿ, ಹೆಚ್ಚು ಬೆಲೆಯ ಹೋತ ಅಥವಾ ಟಗರು ತರುವುದಾದರೆ ಪಶುವೈದ್ಯರ ಮೂಲಕ ರಕ್ತಪರೀಕ್ಷೆ ಕೇಳಿ. ಸೋಂಕು ತಗುಲಿ ತಿಂಗಳುಗಳಾದ ಮೇಲೂ ಪರೀಕ್ಷೆಯಲ್ಲಿ ಕಾಣದಿರಬಹುದು. ಆದ್ದರಿಂದ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ.

3. ಹೊಸದಾಗಿ ತಂದದ್ದನ್ನು ಮೂರು ನಾಲ್ಕು ವಾರ ಬೇರೆ ಕಟ್ಟಿ. ಲೆಂಟಿವೈರಸ್ ಇಷ್ಟರಲ್ಲಿ ಕಾಣಿಸದು, ಆದರೆ ಪಿಪಿಆರ್‌ನಂಥವು ಕಾಣಿಸುತ್ತವೆ.

4. ಹುಟ್ಟಿದ ಮರಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಈ ಭಾಷಣ ಕೇಳಿ ಯಾರೂ ತಾಯಿಯಿಂದ ಮರಿಯನ್ನು ಬಿಡಿಸಬೇಡಿ. ಗಿಣ್ಣು ಇಲ್ಲದೆ ಮರಿ ಉಳಿಯುವುದು ಕಷ್ಟ. ತಾಯಿಗೆ ಸೋಂಕಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ, ಡಾಕ್ಟರು ಹೇಳಿದಂತೆ ಹಸುವಿನ ಗಿಣ್ಣು ಕೊಟ್ಟು ಸಾಕಬೇಕು.

5. ಇಂಜೆಕ್ಷನ್ ಕೊಡಿಸುವಾಗ "ಸೂಜಿ ಬದಲಾಯಿಸಿ ಸಾರ್" ಎಂದು ಧೈರ್ಯವಾಗಿ ಕೇಳಿ.

6. ಪಿಪಿಆರ್, ಕರುಳುಬೇನೆ ಲಸಿಕೆಗಳನ್ನು ತಪ್ಪಿಸಬೇಡಿ. ನಮ್ಮ ರೊಪ್ಪವನ್ನು ಬೇಗ ಬರಿದು ಮಾಡುವ ರೋಗಗಳು ಅವೇ.

7. ಅನುಮಾನ ಬಂದರೆ ಆ ಪ್ರಾಣಿಯನ್ನು ಬೇರೆ ಕಟ್ಟಿ, ಪಂಚಾಯಿತಿಗೂ ಪಶು ಆಸ್ಪತ್ರೆಗೂ ತಿಳಿಸಿ. 2009ರ ಪ್ರಾಣಿ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಈ ಎರಡೂ ರೋಗಗಳಿವೆ. ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.

ಕೊನೆಯದಾಗಿ ಸಂಘದ ಮಾತು. ಮೇಕೆಗೆ ಕಾಯಿಲೆ ಎಂದು ಗೊತ್ತಾದಾಗ "ಸುಮ್ಮನೆ ಸಂತೆಗೆ ಹೊಡೆದುಬಿಡೋಣ" ಅನ್ನಿಸುತ್ತದೆ. ಕಂತು ಕಟ್ಟಬೇಕಲ್ಲ, ಆ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಅದನ್ನು ಸಾಕಲು ಕೊಳ್ಳುವವಳು ಬೇರೊಂದು ಸಂಘದಲ್ಲಿ ಸಾಲ ಮಾಡಿದ ನಮ್ಮಂಥ ಹೆಣ್ಣುಮಗಳೇ. ನಮ್ಮ ನಷ್ಟ ಅವಳ ರೊಪ್ಪ ಸೇರುತ್ತದೆ. ಡಾಕ್ಟರು ಒಪ್ಪಿದರೆ ಮಾಂಸಕ್ಕೆ ಕೊಡಿ, ಸಾಕಣೆಗೆ ಕೊಡಬೇಡಿ. ಹಾಗೆ ನಿಜ ಹೇಳಿದ ಸದಸ್ಯೆಗೆ ಕಂತಿನ ಗಡುವು ಮುಂದೆ ಹಾಕಿ ಕೊಡುವುದು ಸಂಘದ ಕರ್ತವ್ಯ. ಬೈದರೆ, ದಂಡ ಹಾಕಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ, ರೋಗವೂ ಬಚ್ಚಿಟ್ಟುಕೊಳ್ಳುತ್ತದೆ.

ಮುಂದಿನ ವಾರದ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.