ಮೂವತ್ತೆರಡನೆಯ ಒಂದು ಪಾಲು

ನನ್ನ ಬರೆಯುವ ಮೇಜಿನ ಮೇಲೆ ಈಗ ಒಂದು ಮೋಟಾರು ಕಾರು ನಿಂತಿದೆ. ಅದರ ಉದ್ದ ನಾಲ್ಕೂವರೆ ಅಂಗುಲಕ್ಕೆ ತುಸು ಹೆಚ್ಚು. ಅದನ್ನು ಕಟ್ಟಿ ಬಣ್ಣ ಹಚ್ಚಲು ನನಗೆ ಹಿಡಿದದ್ದು ಐದು ತಿಂಗಳು. ಅಷ್ಟು ಕಾಲದಲ್ಲಿ ಒಂದು ಕಾರ್ಖಾನೆ ಸಾವಿರಾರು ನಿಜವಾದ ಕಾರುಗಳನ್ನೇ ತಯಾರಿಸಿ ಬೀದಿಗೆ ಬಿಡುತ್ತದೆ ಎಂದು ನನ್ನ ಮನೆಯವರು ಹೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಎಪ್ಪತ್ತು ದಾಟಿದವನೊಬ್ಬ ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಕಡಲೆಕಾಳಿನಷ್ಟು ದೀಪಕ್ಕೆ ಬೆಳ್ಳಿಯ ಬಣ್ಣ ಹಚ್ಚುತ್ತಿದ್ದರೆ ನೋಡಿದವರಿಗೆ ನಗು ಬರುವುದು ಸಹಜ.

ಇದನ್ನು ಕಳುಹಿಸಿದವನು ಇಂಗ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗ. ಅಲ್ಲಿಯ ಹಳೆಯ ಸಾಮಾನಿನ ಸಂತೆಯೊಂದರಲ್ಲಿ ಅವನಿಗೆ ಈ ಪೆಟ್ಟಿಗೆ ಸಿಕ್ಕಿತಂತೆ. ಏರ್‌ಫಿಕ್ಸ್ ಎಂಬ ಬ್ರಿಟಿಷ್ ಕಂಪನಿ 1960ರ ದಶಕದಲ್ಲಿ ಅಂದಿನ ಸಾಮಾನ್ಯ ಕಾರುಗಳನ್ನೆಲ್ಲ ಒಂದಕ್ಕೆ ಮೂವತ್ತೆರಡರ ಪ್ರಮಾಣದಲ್ಲಿ ಇಳಿಸಿ, ಬಿಡಿಭಾಗಗಳಾಗಿ ಮಾರುತ್ತಿತ್ತು. ಈ ಪೆಟ್ಟಿಗೆಯಲ್ಲಿದ್ದದ್ದು ಮಾರಿಸ್ ಮೈನರ್. "ಮಾಮಾ, ಅಮ್ಮ ಯಾವಾಗಲೂ ಹೇಳುವ ಅಜ್ಜನ ಕಾರು ಇದೇ ತಾನೆ?" ಎಂದು ಒಂದು ಚೀಟಿಯನ್ನೂ ಬರೆದಿಟ್ಟಿದ್ದ.

ಹೌದು, ಅದೇ. ನಮ್ಮ ಅಪ್ಪಯ್ಯ ಕೊಪ್ಪದಲ್ಲಿ ವೈದ್ಯರಾಗಿದ್ದರು. 1953ರಲ್ಲಿ ಅವರು ಬೆಂಗಳೂರಿಗೆ ಹೋಗಿ ಒಂದು ಮಾರಿಸ್ ಮೈನರ್ ತಂದರು, 1968ರಲ್ಲಿ ಮಾರಿದರು. ನಡುವಿನ ಹದಿನೈದು ವರ್ಷ ಮಲೆನಾಡಿನ ಮಳೆ, ಕೆಸರು, ಹೆರಿಗೆಯ ಕರೆ, ಹಾವು ಕಡಿದವರ ಕರೆ, ಇವೆಲ್ಲಕ್ಕೂ ಆ ಕಾರೇ ಓಡಿತು.

ಕಾರಿನ ವಿಷಯಕ್ಕೆ ಬಂದದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಮಾರಿಸ್ ಮೈನರನ್ನು ರೂಪಿಸಿದವನು ಅಲೆಕ್ ಇಸಿಗೋನಿಸ್. ಮುಂದೆ ಮಿನಿ ಕಾರಿನಿಂದ ಜಗತ್ಪ್ರಸಿದ್ಧನಾದವನು. ಕಾರಿನ ಮಾದರಿ ಸಿದ್ಧವಾದ ಮೇಲೂ ಅವನಿಗೆ ಸಮಾಧಾನವಿರಲಿಲ್ಲ; ಯಾಕೋ ಸಪೂರವಾಗಿ ಕಾಣುತ್ತಿತ್ತು. ಕೊನೆಗೆ ಮಾದರಿಯನ್ನು ಉದ್ದಕ್ಕೆ ನಡುವೆ ಸೀಳಿಸಿ, ಎರಡು ಹೋಳುಗಳನ್ನು ಸರಿಸುತ್ತ ಸರಿಸುತ್ತ ಕಣ್ಣಿಗೆ ಒಪ್ಪುವ ತನಕ ನೋಡಿದ. ನಾಲ್ಕು ಅಂಗುಲಕ್ಕೆ ಒಪ್ಪಿತು. ಆದರೆ ಅಷ್ಟರಲ್ಲಿ ಬಂಪರುಗಳು ತಯಾರಾಗಿಬಿಟ್ಟಿದ್ದವು! ಆದ್ದರಿಂದ ಮೊದಮೊದಲ ಕಾರುಗಳಲ್ಲಿ ಬಂಪರನ್ನು ಕತ್ತರಿಸಿ ನಡುವೆ ನಾಲ್ಕು ಅಂಗುಲದ ತೇಪೆ ಹಾಕಬೇಕಾಯಿತು. ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿ ಹುಟ್ಟಿದ್ದೂ ಹಾಗೆಯೇ. ಕಂಪನಿಯ ಒಡೆಯ ಲಾರ್ಡ್ ನಫೀಲ್ಡ್ ಅದನ್ನು ಕಂಡು, ನೀರಿನಲ್ಲಿ ಬೇಯಿಸಿದ ಮೊಟ್ಟೆಯ ಹಾಗಿದೆ ಎಂದು ಮುಖ ಸಿಂಡರಿಸಿದನಂತೆ. 1948ರಲ್ಲಿ ಹೊರಬಂದ ಆ ಮೊಟ್ಟೆಯೇ ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು. 1971ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಅದರ ಸಂಖ್ಯೆ ಹದಿನಾರು ಲಕ್ಷ ಮೀರಿತ್ತು.

ಆ ನಾಲ್ಕು ಅಂಗುಲ ನನ್ನ ಪ್ರಮಾಣದಲ್ಲಿ ಮೂರು ಮಿಲಿಮೀಟರು ಚಿಲ್ಲರೆ. ಸಣ್ಣದರಲ್ಲಿ ಕೆಲಸ ಮಾಡುವವನಿಗೆ ಈ ಲೆಕ್ಕ ಸದಾ ತಲೆಯಲ್ಲಿರಬೇಕು: ಕಣ್ಣೆದುರಿನ ಪ್ರತಿಯೊಂದು ತಪ್ಪನ್ನೂ ಮೂವತ್ತೆರಡರಿಂದ ಗುಣಿಸಬೇಕು.

ಬಿಡಿಭಾಗಗಳು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಕಾಯಿಗಳ ಹಾಗೆ ಅಂಟಿಕೊಂಡಿರುತ್ತವೆ. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಅವುಗಳ ಮೇಲೆ ಉಳಿದಿರುವುದರಿಂದ ಮೊದಲು ಸೋಪಿನ ನೀರಿನಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಕತ್ತರಿಸಿದ ಕಡೆ ಉಳಿಯುವ ಮುಳ್ಳನ್ನು ಅರದಿಂದ ಉಜ್ಜಬೇಕು. ಅಂಟು ಎನ್ನುತ್ತೇವೆಯೇ ಹೊರತು ಅದು ನಮ್ಮ ಕಾಗದದ ಗೋಂದಿನಂತಹ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಕರಗಿದ ಎರಡು ಅಂಚುಗಳು ಬೆರೆತು ಒಂದಾಗುತ್ತವೆ. ಒಂದು ಹನಿ ಹೆಚ್ಚಾದರೆ ಬಾಗಿಲಿನ ಮೇಲೆ ನಮ್ಮ ಬೆರಳಚ್ಚು ಶಾಶ್ವತವಾಗಿ ಮೂಡುತ್ತದೆ. ನನ್ನ ಕಾರಿನ ತಳದಲ್ಲಿ ಅಂತಹದೊಂದು ರುಜು ಇದೆ.

ಪೆಟ್ಟಿಗೆಯ ಕಾರು ಅಪ್ಪಯ್ಯನ ಕಾರಿಗಿಂತ ಈಚಿನದು. ಅದರ ಮುಂದಿನ ಗಾಜು ಒಂದೇ ಹಾಳೆ. ಅಪ್ಪಯ್ಯನದು ನಡುವೆ ಕಡ್ಡಿಯಿದ್ದ ಎರಡು ಹೋಳಿನ ಗಾಜು. ಒಂದು ನೂಲಿಗೆ ಬಣ್ಣ ಹಚ್ಚಿ ಒಣಗಿಸಿ ಗಾಜಿನ ನಡುವೆ ಕೂರಿಸಿದೆ. ಹಿಂದಿನ ಕಿಟಕಿಯನ್ನು ಚಿಕ್ಕದು ಮಾಡಲು ನನ್ನಿಂದಾಗಲಿಲ್ಲ. ತಿರುಗುವಾಗ ಬಾಗಿಲ ಪಕ್ಕದ ಕಂಬದಿಂದ ಟಕ್ಕೆಂದು ಹೊರಬರುತ್ತಿದ್ದ ಕಿತ್ತಳೆ ಬಣ್ಣದ ಪುಟ್ಟ ಕೈಯನ್ನೂ ಮಾಡಲಾಗಲಿಲ್ಲ. ಕೇಳುಗರಲ್ಲಿ ಹಿರಿಯರಾದ ಕೆಲವರಿಗೆ ಆ ಕೈ ನೆನಪಿರಬಹುದು. ನಮಗೆ ಆ ಕಾರಿನಲ್ಲಿ ಅತ್ಯಂತ ಪ್ರಿಯವಾದದ್ದು ಅದೇ ಆಗಿತ್ತು.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ತೊಡಕು ಬಂದದ್ದು ಬಣ್ಣದಲ್ಲಿ.

ಅಪ್ಪಯ್ಯನ ಕಾರು ಕಪ್ಪು. ಇದರಲ್ಲಿ ನನಗೆ ಲೇಶವೂ ಸಂದೇಹವಿರಲಿಲ್ಲ. ಫೋನಿನಲ್ಲಿ ಅಕ್ಕನಿಗೆ ಹೇಳಿದೆ. "ಕಪ್ಪಾ? ಹಸಿರು ಮಾರಾಯ," ಎಂದಳು. ನಾನು ನಕ್ಕೆ. ಹದಿನಾಲ್ಕು ವರ್ಷದವನಾಗುವ ತನಕ ಆ ಕಾರನ್ನು ನೀರು ಹಾಕಿ ತೊಳೆದವನು ನಾನು! ಮನೆಯಲ್ಲಿರುವ ಒಂದೇ ಒಂದು ಛಾಯಾಚಿತ್ರ ಕಪ್ಪು ಬಿಳುಪಿನದು. ಅದರಲ್ಲಿ ಕಾರು ಕಡುಬೂದಿಯಾಗಿ ಕಾಣುತ್ತದೆ. ಆ ಬೂದಿ ಇಬ್ಬರ ಪಕ್ಷವನ್ನೂ ವಹಿಸಬಲ್ಲದು. ಅಕ್ಕ ವಾದ ಬೆಳೆಸಲಿಲ್ಲ. "ನಿನಗೆ ಹಾಗೆ ಕಂಡರೆ ಹಾಗೇ ಮಾಡು," ಎಂದು ಮಾತು ತಿರುಗಿಸಿದಳು.

ಬೂದುಬಣ್ಣದ ಪ್ರೈಮರ್ ಹಚ್ಚಿ, ಅದರ ಮೇಲೆ ಕಪ್ಪು ಎನಾಮೆಲ್ ಹಚ್ಚಿದೆ. ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ: ಒಂದೇ ಸಲಕ್ಕೆ ದಟ್ಟವಾಗಿ ಬಳಿದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಬಣ್ಣವೆಂದರೆ ನಿಜವಾದ ಕಾರಿನ ಮೇಲೆ ಮೂರು ಮಿಲಿಮೀಟರಿಗೂ ಹೆಚ್ಚಿನ ಗಾರೆ. ಬಾಗಿಲಿನ ಸಂದುಗಳೆಲ್ಲ ಮುಚ್ಚಿಹೋದವು. ಆಷಾಢದ ತೇವಕ್ಕೆ ಬಣ್ಣ ಒಣಗದೆ, ಹಾರಿಬಂದ ಧೂಳಿನ ಕಣಗಳೆಲ್ಲ ಅದರಲ್ಲಿ ಬೇರುಬಿಟ್ಟವು. ಕಾರು ಜೋನಿಬೆಲ್ಲದಲ್ಲಿ ಅದ್ದಿ ತೆಗೆದಂತೆ ಕಾಣಿಸಿತು.

ಇಂತಹ ಬಣ್ಣ ಕೀಳಲು ಬ್ರೇಕ್ ಆಯಿಲ್ ಒಳ್ಳೆಯದೆಂದು ಬಲ್ಲವರು ಹೇಳಿದರು. ಅದು ಎನಾಮೆಲನ್ನು ಬಿಡಿಸುತ್ತದೆ, ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ಮೂಲೆಯ ಗ್ಯಾರೇಜಿಗೆ ಹೋಗಿ ಕೇಳಿದೆ. "ಯಾವ ಗಾಡಿಗೆ ಸಾರ್?" ಎಂದ ಹುಡುಗ. "ಮಾರಿಸ್ ಮೈನರ್," ಎಂದೆ. ಅವನ ಕಣ್ಣಿನಲ್ಲಿ ಮೂಡಿದ ಗೌರವವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಒಂದು ರಾತ್ರಿ ನೆನೆಹಾಕಿ, ಕೈಗವಸು ತೊಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದೆ. ಹಿಂದಿನ ಮಡ್‌ಗಾರ್ಡಿನ ಉಬ್ಬಿನ ಮೇಲೆ ಕಪ್ಪು ಮೊದಲು ಸುಲಿಯಿತು. ಅದರಡಿಯ ಬೂದಿ ಒಂದು ಗೀಟಿನಷ್ಟು ಕಾಣಿಸಿತು. ನನ್ನ ಕೈ ನಿಂತಿತು. ಆ ಗೀಟನ್ನು ನಾನು ಹಿಂದೆ ಕಂಡಿದ್ದೆ.

ಆಗ ನನಗೆ ಎಂಟು ವರ್ಷ. ಬಾಡಿಗೆ ಸೈಕಲ್ಲು ಕಲಿಯುವಾಗ ಅದರ ಪೆಡಲು ಕಾರಿನ ಹಿಂದಿನ ಮಡ್‌ಗಾರ್ಡಿಗೆ ಉಜ್ಜಿತು. ಗೇಣುದ್ದದ ಗೀರು. ಕಪ್ಪಿನ ಅಡಿಯಲ್ಲಿ ಕಂಡದ್ದು ತಗಡಲ್ಲ, ಹಸಿರು. ಅಪ್ಪಯ್ಯ ಹೊರಗೆ ಬಂದರು. ಬೆನ್ನಿನ ಮೇಲೆ ಏಟು ಬೀಳುವುದೆಂದು ನಾನು ಕಾದೆ. ಅವರು ಬಗ್ಗಿ, ಆ ಹಸಿರಿನ ಮೇಲೆ ಹೆಬ್ಬೆರಳನ್ನು ಇಟ್ಟುಕೊಂಡು ತುಸು ಹೊತ್ತು ಹಾಗೆಯೇ ಕುಳಿತಿದ್ದು, ಏನೂ ಹೇಳದೆ ಎದ್ದು ಒಳಗೆ ಹೋದರು. ಮರುದಿನ ತಾವೇ ಕುಂಚ ಹಿಡಿದು ಅದರ ಮೇಲೆ ಕಪ್ಪು ಬಳಿದರು. ಏಟು ತಪ್ಪಿತಲ್ಲ ಎಂಬ ಸಂತೋಷದಲ್ಲಿ ನಾನು ಮಿಕ್ಕದ್ದನ್ನೆಲ್ಲ ಮರೆತುಬಿಟ್ಟಿದ್ದೆ.

ಅಕ್ಕನಿಗೆ ಮತ್ತೆ ಫೋನು ಮಾಡಿದೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು. ಬೆಂಗಳೂರಿಗೆ ಕಾರು ತರಲು ಹೋದಾಗ ಅಮ್ಮನೂ ಹೋಗಿದ್ದಳಂತೆ. ಅಪ್ಪಯ್ಯ ಕಪ್ಪು ಎಂದರಂತೆ. ಅಮ್ಮ ಹಸಿರು ಎಂದಳಂತೆ. ಅಮ್ಮ 1956ರಲ್ಲಿ ತೀರಿಕೊಂಡಳು. ಆಗ ನನಗೆ ಎರಡು ವರ್ಷ, ಅಕ್ಕನಿಗೆ ಹನ್ನೊಂದು. ವರ್ಷಾಂತಿಕ ಕಳೆದ ವಾರದಲ್ಲೇ ಅಪ್ಪಯ್ಯ ಕಾರನ್ನು ಶಿವಮೊಗ್ಗಕ್ಕೆ ಒಯ್ದು ಕಪ್ಪು ಮಾಡಿಸಿಕೊಂಡು ಬಂದರು.

"ಇದನ್ನು ನನಗೆ ಯಾಕೆ ಒಂದು ದಿನವೂ ಹೇಳಲಿಲ್ಲ?" ಎಂದೆ.

"ನಿನಗೆ ಅಮ್ಮನ ನೆನಪೇ ಇಲ್ಲ. ಕಾರಿನದು ಹೇಳಿ ಏನು ಮಾಡುವುದು?" ಎಂದಳು.

ಎರಡು ವಾರ ಕೆಲಸಕ್ಕೆ ಕೈ ಹಚ್ಚಲಿಲ್ಲ. ಹಸಿರು ಹಚ್ಚಿದರೆ ಅದು ನಾನು ಕಂಡ ಕಾರಲ್ಲ. ಕಪ್ಪು ಹಚ್ಚಿದರೆ ಅಕ್ಕನದಲ್ಲ. ಕೊನೆಗೆ ಅದೇ ಗ್ಯಾರೇಜಿನ ಹುಡುಗ ಒಂದು ಮಾತು ಹೇಳಿದ: ಹಳೆಯ ಗಾಡಿಗೆ ಬೇರೆ ಬಣ್ಣ ಹೊಡೆಯುವಾಗ ಹೊರಗೆ ಮಾತ್ರ ಹೊಡೆಯುತ್ತಾರೆ, ಬಾನೆಟ್ಟಿನ ಒಳಮೈ, ಡಿಕ್ಕಿಯ ಒಳಗೆ ಮೊದಲಿನ ಬಣ್ಣವೇ ಇರುತ್ತದೆ.

ಈ ಸಲ ಆತುರಪಡಲಿಲ್ಲ. ತೆಳುವಾದ ಬಣ್ಣವನ್ನು ಐದು ಸಲ, ಒಂದೊಂದರ ನಡುವೆ ಎರಡು ದಿನ ಬಿಟ್ಟು, ಒಣಗುವಾಗ ಮೇಲೊಂದು ಬೋಗುಣಿ ಕವುಚಿ ಹಚ್ಚಿದೆ. ಸಣ್ಣ ಆಕಾರದ ಮೇಲೆ ಯಾವ ಬಣ್ಣವೂ ಇದ್ದುದಕ್ಕಿಂತ ಗಾಢವಾಗಿ ಕಾಣುವುದರಿಂದ ಕಪ್ಪಿಗೆ ತುಸು ಬೂದಿ ಬೆರೆಸಿದೆ. ಬಂಪರಿಗೆ ಚಾಕೊಲೇಟಿನ ಬೆಳ್ಳಿ ಕಾಗದವನ್ನು ಅಂಟಿಸಿ ತಿಕ್ಕಿದೆ. ಮೈಯ ಒಳಭಾಗಕ್ಕೆಲ್ಲ, ಯಾರಿಗೂ ಕಾಣದ ಛಾವಣಿಯ ಕೆಳಗೂ, ಹಸಿರು ಹಚ್ಚಿದೆ. ಮೈಯನ್ನು ತಳಕ್ಕೆ ಅಂಟಿಸಿಬಿಟ್ಟರೆ ಅದು ಮುಚ್ಚಿಹೋಗುತ್ತದೆ. ಅಂಟಿಸದೆ ಹಾಗೆಯೇ ಇಟ್ಟೆ.

ನವರಾತ್ರಿಗೆ ಅಕ್ಕ ಬಂದಳು. ಮೇಜಿನ ಮೇಲಿನ ಕಾರನ್ನು ನೋಡಿ, "ಅಂತೂ ಕಪ್ಪೇ ಮಾಡಿದೆ," ಎಂದಳು. ನಾನು ಮೈಯನ್ನು ತಳದಿಂದ ಎತ್ತಿ, ಕವುಚಿ, ಅವಳ ಅಂಗೈಯಲ್ಲಿಟ್ಟೆ. ಕನ್ನಡಕ ಹಣೆಗೆ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೆರಳನ್ನು ಒಳಗೆ ಆಡಿಸಿದಳು.

"ಇಷ್ಟು ಗಾಢ ಅಲ್ಲ ಮಾರಾಯ," ಎಂದಳು. "ಇನ್ನೂ ತಿಳಿ."

ಮರುದಿನ ಬೆಳಿಗ್ಗೆ ಡಬ್ಬಿ ತೆರೆದು ಕೂತೆ. ಅಕ್ಕ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. ಹಸಿರಿಗೆ ನಾನು ಒಂದೊಂದೇ ಹನಿ ಬಿಳಿಯನ್ನು ಬಿಟ್ಟು ಕಲಕುತ್ತ, ಪ್ರತಿಸಲವೂ ಅವಳ ಮುಖ ನೋಡುತ್ತಿದ್ದೆ. ಏಳನೆಯ ಹನಿಗೆ ಅವಳು ನನ್ನ ಕೈ ಹಿಡಿದು, "ಸಾಕು," ಎಂದಳು.